ಎಂಟು ಹತ್ತರ ಗಾಡಿ

ಮುಡಬಿಯ ಉತ್ತಮ ಎಂಬವನು ಕೂಲಿ ಮಾಡುತ್ತಿದ್ದ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದರೂ ಅಕ್ಷರ ದುಂಡಗಿತ್ತು. ಬುದ್ಧ ವಿಹಾರದ ಗೋಡೆಯ ಮೇಲಿನ ಬರಹ ಅವನದೇ. 1977ರಲ್ಲಿ ನಾನು ಹುಮನಾಬಾದಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮುಡಬಿಯ ಹೊಂಡಕ್ಕೆ ಬರುವ ಚಿಗರಿಗಳನ್ನು, ಅಂದರೆ ಕೃಷ್ಣಮೃಗಗಳನ್ನು, ದಿನವೂ ಎಣಿಸಲು ಒಬ್ಬರು ಬೇಕಿದ್ದಾಗ, ಆ ಗೋಡೆ ನೋಡಿ ಅವನನ್ನು ಆರಿಸಿದೆ.

ಪುಸ್ತಕ, ಪೆನ್ಸಿಲ್ ಕೊಟ್ಟು ನಿಯಮ ಹೇಳಿದೆ. ಕಂಡದ್ದನ್ನು ಕಂಡಲ್ಲೇ ಬರೆಯಬೇಕು, ಸಮಯ ಸಹಿತ. ತಪ್ಪಾದರೆ ಗೀಚಬಾರದು, ಒಂದೇ ಗೆರೆ ಎಳೆದು ಪಕ್ಕದಲ್ಲಿ ತಾರೀಖು, ಸಹಿ, ಕಾರಣ. ಊರವರು ಅವನನ್ನು ಚೇಷ್ಟೆಗೆ 'ಚಿಗರಿ ಮಾಸ್ತರ' ಎಂದರು. ಅವನು ಮಾತ್ರ ಆ ಹೆಸರಿಗೆ ತಕ್ಕಂತೆ ಒಗೆದ ಅಂಗಿ ಹಾಕಿಕೊಂಡೇ ಹೊಂಡಕ್ಕೆ ಹೋಗುತ್ತಿದ್ದ.

ಎರಡು ತಿಂಗಳ ಪುಸ್ತಕ ಕೈಗೆ ಬಂದಾಗ ನನಗೆ ಇರುಸುಮುರುಸಾಯಿತು. ಅರವತ್ತೊಂದು ದಿನ, ಅರವತ್ತೊಂದು ಸಲವೂ ಸಮಯ 8-10. ಕಾಡುಪ್ರಾಣಿಗಳು ಹಾಗೆ ಗಂಟೆ ನೋಡಿ ನೀರು ಕುಡಿಯುವುದಿಲ್ಲ. ಅವನು ಹಿಂದೆ ದುಡಿಯುತ್ತಿದ್ದ ಹೊಲದ ಧಣಿ ಮಹಾರುದ್ರಪ್ಪ ಹುಮನಾಬಾದಿನ ಸಂತೆಯಲ್ಲಿ ಸಿಕ್ಕು, "ಅವಾ ಹೊಂಡಕ್ಕ ಎಲ್ಲಿ ಹೋಗ್ತಾನ್ರಿ ಸರ್? ಮನ್ಯಾಗ ಕುಂತು ಚಿಗರಿ ಹಡಸ್ತಾನ" ಎಂದು ನಕ್ಕ. ಮನೆಗೆ ಬಂದವನೇ ಮೊದಲ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಸುಳ್ಳು' ಎಂದು ಬರೆದೆ. ಅವನನ್ನು ಕೆಲಸದಿಂದ ಬಿಡಿಸುವುದೇ ಸರಿ ಅನ್ನಿಸಿತು. ಆದರೂ ಒಮ್ಮೆ ಹೇಳದೆ ಹೋಗಿ ನೋಡೋಣವೆಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ.

ರಾಜೇಶ್ವರದ ಬಳಿ ಗಾಲಿ ಪಂಕ್ಚರ್ ಆಯಿತು. ಮುಡಬಿಯಲ್ಲಿ ಇಳಿದಾಗ ನನ್ನ ಗಡಿಯಾರದಲ್ಲಿ ಒಂಬತ್ತು ಇಪ್ಪತ್ತೈದು. ಉತ್ತಮ ಹೊಂಡದ ದಂಡೆಯಲ್ಲೇ ಇದ್ದ, ಹೊಸ ಪುಸ್ತಕದಲ್ಲಿ ಬರೆಯುತ್ತಿದ್ದ. ಆಚೆ ದಡದಲ್ಲಿ ಚಿಗರಿಗಳಿದ್ದವು. ಎಣಿಸಿದೆ: ಗಂಡು ಒಂದು, ಹೆಣ್ಣು ಏಳು, ಮರಿ ಎರಡು. ಪುಸ್ತಕದಲ್ಲೂ ಅಷ್ಟೇ. ಸಮಯ ಮಾತ್ರ 8-10.

"ಉತ್ತಮ, ಈಗ ಗಂಟೆ ಎಷ್ಟು?"

"ಎಂಟು ಹತ್ತರಿ."

"ಯಾರು ಹೇಳಿದ್ದು?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಎಂಟು ಹತ್ತರ ಗಾಡಿ ಈಗ ಬಂತಲ್ರಿ. ನೀವಾ ಅದರಾಗಿಂದ ಇಳಿದ್ರಿ."

ಹುಲ್ಲು ಕೊಯ್ಯುತ್ತಿದ್ದ ಅವನ ಹೆಂಡತಿ ಸೋನುಬಾಯಿ ತಲೆ ಎತ್ತಲಿಲ್ಲ. "ಮಧ್ಯಾಹ್ನ ಬಂದ್ರೂ ಅದು ಎಂಟು ಹತ್ತರ ಗಾಡೀನ. ಸರ್ ಓದಿದವ್ರು, ಇಷ್ಟು ತಿಳೀವಲ್ದು?"

ಆಗ ಅವನ ಕೈ ನೋಡಿದೆ. ಮಣಿಕಟ್ಟು ಬರಿದಾಗಿತ್ತು. ಸಮಯ ಬರೆ ಎಂದಿದ್ದೆ. ಹೇಗೆ ತಿಳಿಯುತ್ತೀ ಎಂದು ಕೇಳಿರಲಿಲ್ಲ. ಅವನು ಗಾಡಿಯ ಸದ್ದು ಬರುವವರೆಗೆ ಕಾದು, ಆಗ ಎಣಿಸಿ ಬರೆಯುತ್ತಿದ್ದ.

ನನ್ನ ಚೀಲದಿಂದ ಇಣುಕುತ್ತಿದ್ದ ಹಳೆಯ ಪುಸ್ತಕವನ್ನು ಅವನೇ ತೆಗೆದು ತೆರೆದ. ಕೆಂಪು ಅಕ್ಷರ ಓದಿಕೊಂಡ. ಕೈಯಲ್ಲಿದ್ದ ಪೆನ್ಸಿಲ್ಲನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟ. "ಬ್ಯಾರೆ ಯಾರನ್ನರ ನೋಡ್ರಿ ಸರ್."

ನಾನು ಪೆನ್ನು ತೆಗೆದು ಆ ಪದ ಕಾಣದಂತೆ ಗೀಚಹೊರಟೆ. ಅವನು ಪುಟದ ಮೇಲೆ ಅಂಗೈ ಇಟ್ಟ.

"ಗೀಚಬಾರದು ಅಂದೀರಿ. ಒಂದಾ ಗೆರಿ."

ಎಳೆದೆ. ತಾರೀಖು ಹಾಕಿ ಸಹಿ ಮಾಡಿದೆ.

"ಕಾರಣ?"

ಬರೆದೆ: 'ಎಣಿಸಿದವನಿಗೆ ಗಡಿಯಾರ ಕೊಟ್ಟಿರಲಿಲ್ಲ.'

ಉತ್ತಮ ಅದನ್ನು ಎರಡು ಸಲ ಓದಿ, ಪೆನ್ಸಿಲ್ ಎತ್ತಿಕೊಂಡ. ಅಂದಿನ ಸಾಲಿನಲ್ಲಿ 8-10ಕ್ಕೆ ಒಂದೇ ಗೆರೆ ಎಳೆದು, "ನಿಮ್ಮ ಗಡಿಯಾರದಾಗ ಎಷ್ಟರಿ?" ಎಂದ.