ಇಪ್ಪತ್ತೆರಡು ಸೊನ್ನೆ

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಐದನೆಯದಕ್ಕೆ ಒಂದು ವಾರ ಹೋಗಿದ್ದೆ. ಯಾರಾದರೂ ಕೇಳಿದರೆ ಅದನ್ನೂ ಸೇರಿಸಿಯೇ ಹೇಳುತ್ತೇನೆ. ವಿಜಾಪುರದ ಕಡೆಯಿಂದ ಗೋವಾಕ್ಕೆ ಬಂದ ಮೇಲೆ ಕಲಿತ ವಿದ್ಯೆ ಒಂದೇ, ಸಿಮೆಂಟಿಗೆ ನೀರುಣಿಸುವುದು. ಸ್ಲ್ಯಾಬ್ ಹಾಕಿದ ಮೇಲೆ ಹಲವು ದಿನ ಅದರ ಮೇಲೆ ನೀರು ನಿಂತಿರಬೇಕು. ಆರಿದರೆ ಬಿರುಕು ಬಿಡುತ್ತದೆ, ಮೇಸ್ತ್ರಿ ಹೆತ್ತವರನ್ನೆಲ್ಲ ಎತ್ತಿ ಬೈಯುತ್ತಾನೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಬೇರೆ ಯಾರೂ ಹಾಗೆ ಹೇಳಿದ ನೆನಪಿಲ್ಲ.

ತಂಗಿ ಹಾಗಲ್ಲ, ಮ್ಯಾಟ್ರಿಕ್ ಪಾಸು. ಎರಡು ಸಾವಿರದ ಏಳರ ಸುಮಾರಿಗೆ, ಹೊಳೆಯ ನೀರಿನ ಲೆಕ್ಕ ಹಾಕುವವರು ವಾಳಪೈ ಹತ್ತಿರ ಗುಡ್ಡದ ಓರೆಯಲ್ಲಿ ತಂತಿಬೇಲಿ ಹಾಕಿ ಕೆಲವು ಸಾಮಾನು ಇಟ್ಟಿದ್ದರು. ದಿನಾ ಅವನ್ನು ನೋಡಿ ಬರೆಯುವ ಕೆಲಸ ಅವಳಿಗೆ ಸಿಕ್ಕಿತು. ಅದರ ಸಾಹೇಬರು ಬೆಳಗಾವಿ ಕಡೆಯವರು, ನಮ್ಮ ಮಾತೇ ಆಡುತ್ತಿದ್ದರು. ಒಂದು ವರ್ಷ ತಪ್ಪಿಲ್ಲದೆ ಬರೆದರೆ ಫೋಂಡಾದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರಿಸುತ್ತೇನೆ ಎಂದು ಅವಳಿಗೆ ಹೇಳಿದ್ದರು. ಅವಳು ಆಗಲೇ ಫೋಂಡಾ ಬಸ್ಸಿನ ವೇಳೆಗಳನ್ನೆಲ್ಲ ಬಾಯಿಪಾಠ ಮಾಡಿಟ್ಟಿದ್ದಳು.

ಬೇಲಿಯೊಳಗೆ ಮಳೆ ಅಳೆಯುವ ಡಬ್ಬಿಯ ಪಕ್ಕ ಒಂದು ಅಗಲವಾದ ತಗಡಿನ ತೊಟ್ಟಿ ಇತ್ತು. ಅದರಲ್ಲಿ ನೀರು, ನೀರಿನ ಮಟ್ಟ ತೋರಿಸಲು ಒಂದು ಮುಳ್ಳು. ಬೆಳಿಗ್ಗೆ ಎಂಟೂವರೆಗೆ ನೀರು ಮುಳ್ಳಿನಿಂದ ಎಷ್ಟು ಇಳಿದಿದೆಯೋ ಅಷ್ಟನ್ನು ಅಳತೆಯ ಗ್ಲಾಸಿನಲ್ಲಿ ಸುರಿದು, ಎಷ್ಟು ಗ್ಲಾಸು ಸುರಿದೆ ಎಂದು ಬರೆಯಬೇಕು. ಅಷ್ಟೇ.

ಅಕ್ಟೋಬರಿನಲ್ಲಿ ಅವಳಿಗೆ ಕಾಮಾಲೆಯಾಯಿತು. ಕಣ್ಣು ಅರಿಶಿನವಾಗಿ ಹಾಸಿಗೆ ಹಿಡಿದಳು.

"ಯಣ್ಣಾ, ಸಾಹೇಬ್ರಿಗೆ ಹೇಳಬ್ಯಾಡ. ಒಂದ ದಿನಾ ತಪ್ಪಿದ್ರೂ ಫೋಂಡಾ ತಪ್ಪತೈತಿ. ನೀನೇ ಹೋಗಿ ನನ್ನ ಹೆಸರಿನ್ಯಾಗ ಬರಿ. ಮುಂಜಾನಿ ಒಂದ ಸಲ ಅಷ್ಟ, ನೀರು ಎಷ್ಟ..."

"ನೀರಿಂದು ನನಗ ಹೇಳಾಕತ್ತಿಯೇನ? ಹುಟ್ಟಿದಾಗಿಂದ ಅದನ್ನೇ ಮಾಡೇನಿ. ಸುಮ್ಮ ಮಲಕೊ."

ಅವಳ ಮಾತು ಅರ್ಧದಲ್ಲೇ ಉಳಿಯಿತು. ಅದನ್ನು ಪೂರ್ತಿ ಕೇಳಿದ್ದರೆ ಇದನ್ನು ಬರೆಯುವ ಪಾಳಿ ಬರುತ್ತಿರಲಿಲ್ಲ.

ಮೊದಲ ದಿನ ಹೋಗಿ ನೋಡಿದರೆ ತೊಟ್ಟಿಯ ನೀರು ಮುಳ್ಳಿನಿಂದ ಕೆಳಗಿಳಿದಿತ್ತು. ನನಗೆ ತಂಗಿಯ ಬಗ್ಗೆ ನಾಚಿಕೆಯಾಯಿತು. ಇಷ್ಟು ದಿನ ಇವಳು ನೀರು ಆರಲು ಬಿಟ್ಟಿದ್ದಾಳೆ, ಅದನ್ನು ಪುಸ್ತಕದಲ್ಲಿ ಬರೆದು ಬೇರೆ ಇಟ್ಟಿದ್ದಾಳೆ! ಆಗ ನಾನು ಪಕ್ಕದಲ್ಲೇ ಒಂದು ಕಟ್ಟಡದ ಸ್ಲ್ಯಾಬಿಗೆ ನೀರು ಹಾಕುತ್ತಿದ್ದೆ. ಹೇಗೂ ಕೊಡ ಕೈಯಲ್ಲಿತ್ತು. ಮಧ್ಯಾಹ್ನ ತೊಟ್ಟಿಗೊಂದಿಷ್ಟು, ಸಂಜೆ ಒಂದಿಷ್ಟು, ಬೆಳಿಗ್ಗೆ ಏಳಕ್ಕೆ ಮತ್ತೊಂದಿಷ್ಟು ಸುರಿದೆ. ಎಂಟೂವರೆಗೆ ಪುಸ್ತಕ ಹಿಡಿದು ನಿಂತರೆ ನೀರು ಮುಳ್ಳಿನ ತುದಿಗೆ ಅಂಟಿಕೊಂಡಿರುತ್ತಿತ್ತು. ಗ್ಲಾಸು ಮುಟ್ಟುವ ಕೆಲಸವೇ ಇಲ್ಲ. ಸೊನ್ನೆ ಬರೆದೆ. ಸೊನ್ನೆ ನನಗೆ ಚೆನ್ನಾಗಿ ಬರುತ್ತಿತ್ತು. ಶಾಲೆಯಲ್ಲಿ ಬಹಳ ಸಿಕ್ಕಿದ್ದವು.

ಹೀಗೆ ಇಪ್ಪತ್ತೆರಡು ದಿನ. ನಡುವೆ ಒಂದೆರಡು ಅಡ್ಡಮಳೆ ಬಂದಾಗ ಡಬ್ಬಿಯ ನೀರನ್ನೂ ಸರಿಯಾಗಿ ಅಳೆದು ಬರೆದೆ. ಎಲ್ಲ ಬರೋಬರಿ ಇದೆಯೇ ಎಂದು ತಂಗಿ ಮಲಗಿದಲ್ಲಿಂದ ಕೇಳಿದಾಗಲೆಲ್ಲ "ಏಕದಂ ಬರೋಬರಿ" ಎನ್ನುತ್ತಿದ್ದೆ. ತಿಂಗಳ ಕೊನೆಗೆ ಜೀಪಿನ ಡ್ರೈವರ್ ಹಾಳೆ ಒಯ್ದ. ಅದನ್ನು ಕೊಡುವಾಗ ನನಗೆ ಬಂದ ಹೆಮ್ಮೆ, ಮದುವೆಯ ದಿನವೂ ಬಂದಿರಲಿಲ್ಲ.

ಎರಡು ತಿಂಗಳಾದ ಮೇಲೆ ಸಾಹೇಬರೇ ಬಂದರು. ತಂಗಿ ಆಗ ಗುಣವಾಗಿ ಕೆಲಸಕ್ಕೆ ಹೋಗುತ್ತಿದ್ದಳು. ಜೀಪು ನೋಡಲೆಂದು ನಾನೂ ಬೇಲಿಯ ಹತ್ತಿರ ಹೋಗಿದ್ದೆ. ಅವರು ಹಾಳೆಯನ್ನು ಅವಳ ಮುಂದೆ ಹಿಡಿದರು.

"ಏನವಾ, ಇಪ್ಪತ್ತೆರಡ ದಿನಾ ಸೂರ್ಯಾ ರಜಾ ಹಾಕಿದ್ನೇನು? ಅಕ್ಟೋಬರ್ ಬಿಸಲಾಗ ಒಂದ ಹನಿ ಆರಿಲ್ಲಂತ ಬರದೀಯಲ್ಲ?"

ಅವಳು ಹಾಳೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಜೀಪಿನ ಗಾಲಿಗಳನ್ನು ನೋಡುತ್ತಿದ್ದೆ. ನಾಲ್ಕೂ ಇದ್ದವು.

"ತಪ್ಪಾತ್ರಿ ಸರ್. ನೋಡಲಾರದ ಬರದೆ" ಎಂದಳು.

ಸಾಹೇಬರು ಬೈಯಲಿಲ್ಲ. "ನಿನ್ನ ಮ್ಯಾಲೆ ಭಾಳ ನಂಬಿಕಿ ಇತ್ತವಾ" ಎಂದು ಹಾಳೆ ಮಡಿಚಿಕೊಂಡು ಹೋದರು.

ಮನೆಗೆ ಬಂದು ಕೊಡದಿಂದ ನೀರು ಸುರಿದ ಕತೆಯನ್ನೆಲ್ಲ ಹೇಳಿದೆ. ಅವಳು ತಲೆ ಮೇಲೆ ಕೈ ಹೊತ್ತುಕೊಂಡಳು. "ನೀರು ಆರೋದನ್ನೇ ಅಳಿಯೋದಿತ್ತಲ್ಲೋ ಮಾರಾಯಾ! ಆರಲಾರದಂಗ ಕಾವಲಾ ಕಾಯಾಕ ಅದೇನು ನಿಮ್ಮ ಸ್ಲ್ಯಾಬ್ ಏನು?" ನಗು ಬಂತು ಅವಳಿಗೆ, ನಗುತ್ತಲೇ ಅತ್ತಳು. ಕಣ್ಣೊರೆಸಿಕೊಂಡು, "ಆ ಜಾಗಾ ಇನ್ನೂ ಯಾರಿಗೂ ಕೊಟ್ಟಿಲ್ಲಂತ. ಫೋಂಡಾಕ್ಕ ಹೋಗಿ ಖರೇ ಹೇಳಿ ಬಾ. ನನಗ ಜಡ್ಡಾಗಿತ್ತು ಅನ್ನೋದನ್ನೂ ಹೇಳು. ನಾ ಹೇಳಿದ್ರ ಈಗ ನಂಬಂಗಿಲ್ಲ" ಎಂದಳು.

ಹೋದೆ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಎಷ್ಟು ಸಲ ಉರು ಹೊಡೆದೆನೆಂದರೆ ಪಕ್ಕದಲ್ಲಿದ್ದ ಕೊಂಕಣಿ ಹೆಂಗಸು ಎದ್ದು ಬೇರೆ ಕಡೆ ಕೂತಳು. ಆಫೀಸಿನಲ್ಲಿ ನಾನು ಅವಳ ಅಣ್ಣ ಎಂದಾಕ್ಷಣ ಸಾಹೇಬರು ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ಅಲ್ಲಿಯವರೆಗೆ ಯಾವ ಸಾಹೇಬನೂ ನನ್ನನ್ನು ಕುರ್ಚಿಯ ಮೇಲೆ ಕೂರಿಸಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ನೀಲಿ ಗೆರೆ, ಒಂದು ಕೆಂಪು ಗೆರೆ ಇದ್ದವು.

"ನೀಲಿ ಅಂದ್ರ ಹೊಳ್ಯಾಗ ಖರೇನ ಹರದ ನೀರು. ಕೆಂಪು ಅಂದ್ರ ನಮ್ಮ ಲೆಕ್ಕದ ನೀರು. ಮಳಿ ಬಿದ್ದದ್ದೆಲ್ಲಾ ಹೊಳಿಗೆ ಬರಂಗಿಲ್ರಿ. ಬಿಸಲು ಒಂದಿಷ್ಟು ಒಯ್ತೈತಿ, ಗಿಡಾ ಬೇರಿನಿಂದ ಕುಡದು ಎಲಿಯಿಂದ ಗಾಳಿಗೆ ಬಿಡ್ತಾವು. ಅದು ಎಷ್ಟಂತ ತೊಟ್ಟಿ ನೋಡಿ ಅಂದಾಜ ಮಾಡ್ತೀವಿ. ಇಲ್ಲಿ ನೋಡ್ರಿ, ನಿಮ್ಮ ತಂಗಿ ಲೆಕ್ಕದಾಗ ನಿಮ್ಮ ಸತ್ತರಿ ತಾಲೂಕಿನ ಕಾಡೆಲ್ಲಾ ಇಪ್ಪತ್ತೆರಡ ದಿನಾ ಉಪಾಸ! ಅದಕ್ಕ ಕೆಂಪು ಗೆರಿ ಮ್ಯಾಲೆ ಜಿಗದೈತಿ. ಕಾಗದದ ಮ್ಯಾಲೆ ಮಹಾಪೂರ, ಹೊಳಿಗೆ ಹೋದ್ರ ಮೊಣಕಾಲುದ್ದ ನೀರು."

ಹೇಳಲು ಅದೇ ಸರಿಯಾದ ಹೊತ್ತು. ನಾನು ಬಾಯಿ ತೆರೆದೆ. ಬಂದದ್ದು ಬೇರೆ ಮಾತು: "ಎಲಿ ನೀರು ಬಿಡೋದು ಕಣ್ಣಿಗೆ ಕಾಣತೈತೇನ್ರಿ?"

ಸಾಹೇಬರ ಮುಖ ಅರಳಿತು. ಹಿತ್ತಲಿಗೆ ಕರೆದೊಯ್ದು ಪೇರಲ ಗಿಡ ತೋರಿಸಿದರು. ಒಂದು ಟೊಂಗೆಗೆ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿದ್ದರು. ಚೀಲದೊಳಗೆ ಹನಿಗಟ್ಟಿ, ಬುಡದಲ್ಲಿ ಒಂದು ಗುಟುಕಿನಷ್ಟು ನೀರು ನಿಂತಿತ್ತು. ನಾನು ಇನ್ನೂ ಎರಡು ಪ್ರಶ್ನೆ ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಇದು ನಿಮ್ಮ ತಂಗಿಗಿಂತ ನಿಮಗ ಚಲೋ ತಿಳಿತೈತಿ ನೋಡ್ರಿ" ಎಂದರು.

ನಾನು ಉಬ್ಬಿ ಹೋದೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಉಬ್ಬಿದ್ದು ಖರೇ. ಜನ್ಮದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಜಾಣ ಎಂದಿದ್ದರು. ಆ ಸೊನ್ನೆಗಳನ್ನು ಬರೆದ ದಡ್ಡ ನಾನೇ ಎಂದು ಹೇಳುವುದಾದರೂ ಹೇಗೆ?

"ಏನರ ಕೆಲಸಿತ್ತೇನು?" ಎಂದು ಅವರೇ ಕೇಳಿದರು.

"ಏನಿಲ್ರಿ. ಬಜಾರಕ್ಕ ಬಂದಿದ್ದೆ, ಹಂಗ ನಿಮ್ಮನ್ನ ನೋಡಿ ಹೋಗೂಣಂತ."

ವಾಳಪೈ ಸ್ಟ್ಯಾಂಡಿನಲ್ಲಿ ತಂಗಿ ಕಾಯುತ್ತಿದ್ದಳು. "ಹೇಳಿದಿ?"

"ಹೇಳಿದೆ."

"ಏನಂದ್ರು?"

"ನೋಡೂಣು ಅಂದ್ರು."

ಒಂದು ತಿಂಗಳು ಅವಳು ಕಾದಳು. ಫೋಂಡಾದ ಜಾಗ ಬೇರೆ ಹುಡುಗಿಗೆ ಹೋಯಿತು. ಎಲ್ಲ ತಿಳಿದೂ ಸಾಹೇಬರು ಮನ್ನಿಸಲಿಲ್ಲ ಎಂದು ತಂಗಿ ತಿಳಿದುಕೊಂಡಳು. ಆಮೇಲೆ ಅವರು ಬಂದಾಗ ಮುಖ ಕೊಟ್ಟು ಮಾತಾಡಲಿಲ್ಲ. ಆ ಯೋಜನೆ ಮುಗಿಯುವವರೆಗೂ ತೊಟ್ಟಿಯ ಮುಂದೆ ನಿಂತು ಬರೆದಳು. ಮುಗಿದ ಮೇಲೆ ಮದುವೆಯಾಗಿ ಕುಂಡಯಿಗೆ ಹೋದಳು.

ಒಂದು ರವಿವಾರ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಇಪ್ಪತ್ತೆರಡು ದಿನ ಸೂರ್ಯನನ್ನು ನಿಲ್ಲಿಸಿದ ಅಣ್ಣನ ಕತೆಯನ್ನು ಅವಳು ಗಂಡನ ಮನೆಯವರಿಗೆ ಹೇಳಿದಳು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ನಗು ಮುಗಿದ ಮೇಲೆ ಅವಳು ರೊಟ್ಟಿ ಬಡಿಯುತ್ತ ಹೇಳಿದಳು: "ಪಾಪ, ನಮ್ಮಣ್ಣ ಫೋಂಡಾಕ್ಕ ಹೋಗಿ ಎಲ್ಲಾ ಒಪ್ಪಕೊಂಡ ಬಂದ. ಆದ್ರೂ ಆ ಮನಶ್ಯಾನ ಎದಿ ಕರಗಲಿಲ್ಲ ನೋಡ್ರಿ."

"ದೊಡ್ಡ ಮಂದಿ ಹಂಗ ಇರ್ತಾರವ್ವಾ" ಎಂದೆ ನಾನು.

ಆ ಮನುಷ್ಯನಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ತಂಗಿ ಬಿಸಿ ರೊಟ್ಟಿಯೊಂದನ್ನು ಮೊದಲು ನನ್ನ ತಾಟಿಗೇ ಹಾಕಿದಳು. ತಿಂದೆ.