ಒಂದು ಕಾಯಿಗೆ ಒಂದೇ ಗುಂಡು

ಸಟನ್ನಿನ ರೈಫಲ್ ಕ್ಲಬ್ಬಿನಲ್ಲಿ, ಊರಿನಿಂದ ಬಂದಿದ್ದ ನನ್ನ ಮಾವ ಶೂ ಬಿಚ್ಚಿಟ್ಟು ಕೋವಿಯನ್ನು ಕಣ್ಣಿಗೊತ್ತಿಕೊಂಡಾಗ, ಸುತ್ತ ನಿಂತಿದ್ದ ಇಂಗ್ಲಿಷ್ ಮುದುಕರೆಲ್ಲ ಕತ್ತು ಚಾಚಿ ನೋಡಿದರು. ಮಾವ ಕೊಡಗಿನವರು, ಕೋವಿಗೆ ಪೂಜೆ ಮಾಡುವ ಮನೆತನ. ನಮ್ಮನ್ನು ಕರೆದೊಯ್ದಿದ್ದ ಪಕ್ಕದ ಮನೆಯ ಜಾನ್, ಮಾವನ ಊರಿನ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆಂದು ಕೇಳಿ, ನಾನು ಟೂಟಿಂಗಿನ ಇಂಡಿಯನ್ ಅಂಗಡಿಯಿಂದ ತಂದಿದ್ದ ಕಾಯಿಯನ್ನೇ ಗುರಿಯಾಗಿ ತೂಗುಹಾಕಿಸಿದ್ದ. ಆಮೇಲೆ, ಒಂದರ ಹಿಂದೊಂದು ಗುಂಡು ಹಾರಿಸುವ ಹೊಸ ಸೆಮಿ ಆಟೊಮ್ಯಾಟಿಕ್ ರೈಫಲ್ಲೊಂದನ್ನು ಮಾವನ ಮುಂದೆ ಹಿಡಿದ.

"ಹೇಳಮ್ಮ ಅವನಿಗೆ, ಒಂದು ಕಾಯಿಗೆ ಒಂದೇ ಗುಂಡು. ಇದೆಲ್ಲ ಗುರಿ ಬಾರದವರಿಗೆ," ಎಂದು ಮಾವ ಹಳೆಯ ಒಂಟಿಗುಂಡಿನ ರೈಫಲ್ ಎತ್ತಿಕೊಂಡರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕರು ಮೆಚ್ಚಿ ತಲೆದೂಗಿದರು. ಮಾವ ಹೊಡೆದರು. ಕಾಯಿ ಅಲುಗಲೇ ಇಲ್ಲ.

ಮಾವ ಮೆಲ್ಲಗೆ ಆ ಹೊಸ ರೈಫಲ್ಲಿನ ಕಡೆ ಕೈ ಚಾಚಿದರು. ಪಟಪಟನೆ ಗುಂಡುಗಳು ಹಾರಿದವು, ಕಾಯಿ ಒಡೆದು ನೀರು ಸುರಿಯಿತು. ಕೋವಿ ಕೆಳಗಿಟ್ಟವರೇ ಮಾವ ಬರಿಗಾಲಲ್ಲಿ ಕುಣಿದುಬಿಟ್ಟರು. ನಾನೂ ಜಾನೂ ನಕ್ಕು ನಕ್ಕು ಗೋಡೆ ಹಿಡಿದು ನಿಂತೆವು.

ಈಗಲೂ ಹಬ್ಬದ ದಿನ ಕಾಲಿಂಗ್ ಕಾರ್ಡಿನಲ್ಲಿ ಫೋನ್ ಮಾಡಿದರೆ, ಊರಿನ ಹುಡುಗರಿಗೆ ಮಾವ "ಒಂದು ಕಾಯಿಗೆ ಒಂದೇ ಗುಂಡು" ಎಂದು ಗದರುವುದು ಕೇಳಿಸುತ್ತದೆ. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳುತ್ತಾರೆ: "ಜಾನ್ ಹತ್ತಿರ ಆ ಕೋವಿ ಇನ್ನೂ ಉಂಟಾ?"