ಬೇಬಾ ಕಟ್ಟಿದ ಎರಡು ಹಾಡು

ನಮ್ಮೂರು ಸಾಂತಾ ಮಾರ್ತಾದಲ್ಲಿ ದೋನ್ಯಾ ಬೇಬಾ ಅವರ ಬಾಯಿಗೆ ಹೆದರದವರು ಯಾರೂ ಇಲ್ಲ. ಮೇಯರ್ ಹೆದರುತ್ತಾನೆ, ಪಾದ್ರಿ ಹೆದರುತ್ತಾರೆ. ಬೇಬಾ ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿದ ತೊಗರಿಕಾಳಿನ ಅನ್ನ ತಿಂದು ದೊಡ್ಡವನಾದ ನಾನಂತೂ ಈ ನಲವತ್ತರ ವಯಸ್ಸಿನಲ್ಲೂ ಹೆದರುತ್ತೇನೆ. ಪೂರ್ತಿ ಹೆಸರು ಹೆನೊಬೇಬಾ ಕೆಸಾದಾ; ದೋನ್ಯಾ ಎಂಬುದು ಹಿರಿಯ ಹೆಂಗಸರಿಗೆ ನಾವು ಸೇರಿಸುವ ಗೌರವದ ಮಾತು. ಅರವತ್ತು ದಾಟಿದೆ, ಮಂಡಿ ನೋವಿದೆ. ಆದರೆ ಭಾನುವಾರ ಮಧ್ಯಾಹ್ನ ಬೇಸ್‌ಬಾಲ್ ಪಾರ್ಕಿನ ಮೆಟ್ಟಿಲು ಹತ್ತುವಾಗ ಆ ನೋವು ಎಲ್ಲಿ ಹೋಗುತ್ತದೋ ದೇವರೇ ಬಲ್ಲ.

ಅವರ ಅಪ್ಪ ಇದೇ ಪಾರ್ಕಿನ ಗೇಟಿನಲ್ಲಿ ಐಸ್ ತುರಿದು ಹುಣಸೆ ಪಾನಕ ಸುರಿದು ಮಾರುತ್ತಿದ್ದರು. ಮಗಳು ನಡೆಯಲು ಕಲಿತದ್ದು ಗ್ಯಾಲರಿಯ ಕಲ್ಲುಬೆಂಚುಗಳನ್ನು ಹಿಡಿದುಕೊಂಡು. ಮದುವೆಯನ್ನು ಹಟ ಹಿಡಿದು ಶನಿವಾರಕ್ಕೇ ಇಡಿಸಿದರು, ಏಕೆಂದರೆ ಮರುದಿನ ನಮ್ಮ ಹೆಜ್ಜಾರ್ಲೆಗಳ ಆಟವಿತ್ತು. ಹೆಜ್ಜಾರ್ಲೆ ಎಂದರೆ ನಮ್ಮ ತಂಡ. ಅಂಗಿಯ ಎದೆಯ ಮೇಲೆ ಚೀಲದಂಥ ಗಂಟಲಿನ ಆ ಹಕ್ಕಿಯೇ ಕೂತಿರುತ್ತದೆ. ಗಂಡ ನ್ಯೂಯಾರ್ಕಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಬೇಬಾ ಒಂದು ವಾರ ಅತ್ತರು, ಭಾನುವಾರ ಕಣ್ಣೊರೆಸಿಕೊಂಡು ಆಟಕ್ಕೆ ಬಂದರು. ಹೆಣ್ಣುಮಕ್ಕಳಿಬ್ಬರೂ ಮಗ್ಗಿ ಕಲಿತದ್ದು ಗ್ಯಾಲರಿಯಲ್ಲೇ.

ಆ ಗ್ಯಾಲರಿಗೆ ಅವರೇ ಹಾಡುಗಾರ್ತಿ. ಕೈಯಲ್ಲಿ ದಮ್ಮಡಿ, ಹಿಂದೆ ದಮ್ಮಡಿ ಬಡಿಯುವ ಇನ್ನೈದಾರು ಹೆಂಗಸರು. ಯಾರ ಮನೆಯ ಹಂದಿ ಕಳೆದುಹೋದರೂ, ಯಾರ ಗಂಡ ಓಡಿಹೋದರೂ ಸಂಜೆಯೊಳಗೆ ಅದರ ಮೇಲೊಂದು ಪ್ಲೇನಾ ಹಾಡು ಕಟ್ಟುವುದು ನಮ್ಮ ಊರಿನ ಚಟ. ಬೇಬಾ ತಮ್ಮ ಸ್ವಂತ ಗಂಡನ ಮೇಲೂ ಕಟ್ಟಿದ್ದರು. ಒಮ್ಮೆ ಹಾಡಾದ ಮೇಲೆ ಮುಗಿಯಿತು, ಅದು ಊರಿನ ಸೊತ್ತು. ಹಾಡಿದವರೇ ಬೇಡವೆಂದರೂ ನಿಲ್ಲುವುದಿಲ್ಲ.

ಇನ್ನು ನಮ್ಮ ತಂಡದ ಮಾಲೀಕ ಎರಾಸ್ಮೋ ವಿಯಾಲೋಂಗಾನ ವಿಷಯ. ಅವನ ಹೆಸರೆತ್ತಿದರೆ ನನ್ನ ರಕ್ತ ಕುದಿಯುತ್ತದೆ. ಸಿಮೆಂಟು ಕಬ್ಬಿಣದ ವ್ಯಾಪಾರಿ. ತಂಡ ಕೈಗೆ ಬಂದ ವರ್ಷ ಎಲ್ಲರ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡ. ಆಮೇಲೆ ಶುರುವಾಯಿತು. ಪಾರ್ಕಿನ ದೀಪಗಳು ಕೆಟ್ಟವು, ರಿಪೇರಿ ಇಲ್ಲ, ಹಾಗಾಗಿ ಸುಡುಬಿಸಿಲಲ್ಲಿ ಆಟ. ಅಂಗಿಯ ಮೇಲಿನ ಹಕ್ಕಿಯ ಕೊಕ್ಕು ಕಿತ್ತುಬಂತು, ಹೊಸ ಅಂಗಿ ಇಲ್ಲ. ಊರೇ ಎತ್ತಿ ಆಡಿಸಿದ ಎಡಗೈಯಲ್ಲಿ ಚೆಂಡೆಸೆಯುವ ನಮ್ಮ ಪಿಚರ್‌ನನ್ನು ಬೇರೆ ಊರಿಗೆ ಕೊಟ್ಟುಬಿಟ್ಟ. ತಂಡ ಸೋತಿತು, ಮತ್ತೆ ಸೋತಿತು, ಗೆಲ್ಲುವುದು ಹೇಗೆಂಬುದೇ ಮರೆತುಹೋಗುವಷ್ಟು ಸೋತಿತು.

ಒಂದು ಭಾನುವಾರ ಎದುರಾಳಿಗಳು ಒಂದೇ ಇನಿಂಗ್ಸ್‌ನಲ್ಲಿ ಒಂಬತ್ತು ಓಟ ಬಾಚಿಕೊಂಡಾಗ ಎರಾಸ್ಮೋ ನೆರಳಿನಲ್ಲಿ ಕುಳಿತು ಫೋನ್ ನೋಡುತ್ತಾ ನಗುತ್ತಿದ್ದ. ಬೇಬಾ ಎದ್ದು ನಿಂತರು.

"ಏಯ್ ಎರಾಸ್ಮೋ! ಇಲ್ಲಿ ನಮ್ಮ ಮಾನ ಹರಾಜಾಗ್ತಿದೆ, ನಿನಗೆ ನಗು ಬರ್ತಿದೆಯೇನೋ?"

"ಇಷ್ಟ ಇಲ್ದಿದ್ರೆ ಬರ್ಬೇಡಿ ದೋನ್ಯಾ," ಎಂದ ಅವನು, ತಲೆ ಕೂಡ ಎತ್ತದೆ. "ಯಾರು ಕರೆದ್ರು ನಿಮ್ಮನ್ನ?"

ಅಷ್ಟು ಸಾಕಾಯಿತು. ದಮ್ಮಡಿ ಗುಡುಗಿತು. ಅಲ್ಲೇ, ನಿಂತ ನಿಲುವಿನಲ್ಲೇ ಹಾಡು ಹುಟ್ಟಿತು:

ಹೋಗಬ್ಯಾಡ ಪಾರ್ಕಿಗೆ, ಹೋಗಬ್ಯಾಡ ಕಣೇ,
ಹೆಜ್ಜಾರ್ಲೆ ಚೀಲದಾಗೆ ಮೀನೇ ಇಲ್ಲ ಕಣೇ,
ಇದ್ದಬದ್ದ ಮೀನ ನುಂಗಿ ತೇಗಿದನು ದಣಿ,
ಖಾಲಿ ಬೆಂಚಿಗ್ ಆಟ ಆಡ್ಲಿ, ನಾವ್ ಬರಲ್ಲ ಕಣಿ!

ಗ್ಯಾಲರಿಗೆ ಗ್ಯಾಲರಿಯೇ ಹಾಡುತ್ತಾ ಎದ್ದು ಹೊರಗೆ ನಡೆಯಿತು. ಮುಂದಿನ ಭಾನುವಾರ ಪಾರ್ಕಿನಲ್ಲಿ ನಾಯಿಗಳು ಮಲಗಿದ್ದವು. ಅದರ ಮುಂದಿನ ಭಾನುವಾರವೂ ಅಷ್ಟೇ. ಆ ಹೊತ್ತಿಗೆ ಬೇಬಾ ಮನೆಯ ಜಗಲಿಯಲ್ಲಿ ಕುಳಿತು ರೇಡಿಯೋಗೆ ಕಿವಿ ಹಚ್ಚಿ, "ಅನುಭವಿಸ್ಲಿ! ಖಾಲಿ ಬೆಂಚು ನೋಡಿ ನಾಚ್ಕೆ ಆಗ್ಲಿ!" ಎನ್ನುತ್ತಿದ್ದರು. ಅವರು ಬಾಯಲ್ಲಿ ಹಾಗೆಂದರೂ ಪಾರ್ಕಿನ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಕತ್ತು ಆ ಕಡೆಗೇ ತಿರುಗುತ್ತಿತ್ತು.

ನನ್ನ ಕಸುಬು ತುಂಬಾಕೋಕೋ ಓಡಿಸುವುದು. ಅಂದರೆ ಆಳೆತ್ತರದ ಸ್ಪೀಕರ್‌ಗಳನ್ನು ಪೇರಿಸಿದ ಲಾರಿ. ಅಂಗಡಿ ಜಾಹೀರಾತು, ಸಾವಿನ ಸುದ್ದಿ, ಚುನಾವಣೆ, ಎಲ್ಲವೂ ನನ್ನ ಲಾರಿಯಿಂದಲೇ ಊರಿನ ಕಿವಿಗೆ ಬೀಳಬೇಕು. ಪ್ರತಿ ವಾರ ಆಟದ ಸುದ್ದಿ ಸಾರುವವನೂ ನಾನೇ. ಮೂರನೆಯ ವಾರ ಎರಾಸ್ಮೋ, "ಈ ಸಲ ಸಾರೋದು ಬೇಡ," ಎಂದು ಹೇಳಿಕಳಿಸಿದ. ಜಿಪುಣ, ಹಣ ಉಳಿಸುತ್ತಿದ್ದಾನೆ ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಪ್ಲಾಯಾ ಓಂಡಾ ಊರಿನಲ್ಲಿ ನನ್ನಂತೆಯೇ ಲಾರಿ ಓಡಿಸುವ ಚಾಗೋ ಫೋನ್ ಮಾಡಿದ.

"ನೆಫ್ತಾಲಿ, ನಿಮ್ಮ ಹೆಜ್ಜಾರ್ಲೆ ಮೆರವಣಿಗೆ ಸಂಗೀತದ ರೆಕಾರ್ಡ್ ಸ್ವಲ್ಪ ಕಳಿಸು ಮಾರಾಯ."

"ನಿನಗ್ಯಾಕೋ ಅದು?"

"ಮುಂದಿನ ವರ್ಷದಿಂದ ನಿಮ್ಮ ತಂಡ ನಮ್ಮೂರಿಗೆ ಬರುತ್ತಂತಲ್ಲ! ನಿಮ್ಮ ಜನಕ್ಕೆ ತಂಡ ಬೇಡವಂತೆ. ಇವತ್ತು ಲೀಗಿನ ವಕೀಲರು ಖಾಲಿ ಗ್ಯಾಲರಿ ಕಣ್ಣಾರೆ ನೋಡಿ ಒಪ್ಪಿಗೆ ಕೊಡ್ತಾರಂತೆ. ಎರಾಸ್ಮೋನೇ ಹೇಳಿದ್ದು, ಇಲ್ಲಿ ಹೋಟೆಲಿನವರು ಅವನಿಗೆ ಹೊಸ ಪಾರ್ಕ್ ಕಟ್ಟಿಸಿಕೊಡ್ತಾರೆ."

ಬರಬೇಡಿ ಎಂದು ಅವನು ಅಂದದ್ದು ಸಿಟ್ಟಿಗಲ್ಲ, ಲೆಕ್ಕ ಹಾಕಿಯೇ. ನಾವು ಕುರಿಗಳಂತೆ ಹೊರಗೆ ನಡೆದೆವು, ಅದೂ ಹಾಡು ಹಾಡಿಕೊಂಡು!

ಲಾರಿಯನ್ನು ನೇರ ಚರ್ಚಿನ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿಹಿಡಿದೆ. ಒಳಗೆ ಪ್ರವಚನ ನಡೆದಿತ್ತು. ಬೇಬಾ ತಲೆಗೆ ಹೊದ್ದ ಬಟ್ಟೆಯಲ್ಲೇ ದಡದಡ ಹೊರಗೆ ಬಂದರು.

"ನಿನ್ನ ಬುದ್ಧಿಗಿಷ್ಟು! ಯಾರು ಸತ್ರೋ?"

ಹೇಳಿದೆ. ಅವರ ಮುಖದ ಬಣ್ಣ ಇಳಿದುಹೋಯಿತು. ನಂತರ ಲಾರಿಯ ಬಾಗಿಲು ಹಿಡಿದುಕೊಂಡು ಮೆಲ್ಲಗೆ ಹೇಳಿದರು: "ನಾನೇ ಕಳಿಸಿಕೊಟ್ಟೆ ಕಣೋ. ನನ್ನ ಬಾಯಿಂದ್ಲೇ ಕಳಿಸಿಕೊಟ್ಟೆ."

"ಎಲ್ಲರಿಗೂ ವಿಷಯ ತಿಳಿಸಿದ್ರಾಯ್ತು ದೋನ್ಯಾ. ಮೈಕಿನಲ್ಲಿ ಹೇಳ್ತೀನಿ."

"ಹೇಳಿದ್ರೆ ಯಾರು ಬರ್ತಾರೋ? ಮೂರು ವಾರದಿಂದ ಎಲ್ಲರ ಬಾಯಲ್ಲೂ ಅದೇ ಹಾಡು. ಹಾಡನ್ನ ಮಾತಲ್ಲಿ ಅಳಿಸೋಕಾಗುತ್ತಾ?" ಕಣ್ಣು ಮಿನುಗಿತು. "ಮನೆಗೆ ಬಿಡು, ದಮ್ಮಡಿ ತರ್ತೀನಿ. ಈ ಊರಿನವರಿಗೆ ಏನು ಇಷ್ಟ ಅಂತ ನನಗೆ ಗೊತ್ತಿಲ್ವಾ? ಇನ್ನೊಬ್ಬರ ಮಾನ ತೆಗೆಯೋದು. ಇವತ್ತು ನನ್ನದೇ ತೆಗೀಲಿ!"

ಲಾರಿಯ ಮೇಲೆ, ಸ್ಪೀಕರ್‌ಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಮೊದಲ ತಿರುವು ದಾಟುವಷ್ಟರಲ್ಲಿ ಹಾಡು ಸಿದ್ಧವಾಗಿತ್ತು:

ಬೇಬಾ ಬಾಯಿ ನೋಡಿರಣ್ಣ, ಬಾಗಿಲಿಲ್ಲದ್ ಬಾಯಿ,
ಹಕ್ಕಿ ಹಾರಿಬಿಟ್ಟಮೇಲೆ ಅಳ್ತಾ ಕೂತ್ಳು ತಾಯಿ,
ಕಳ್ಳ ದಣಿಗೆ ದಾರಿ ತೋರ್ಸಿ ಕೊಟ್ಟೋಳಿವಳೇ ತಾಯಿ,
ಬನ್ನಿ ಬನ್ನಿ ಪಾರ್ಕಿನೊಳಗೆ, ಬಾಯ್ತುಂಬ ಬೈಯಿ!

ಅಯ್ಯೋ, ಆ ಬೆಳಗನ್ನು ಏನೆಂದು ಹೇಳಲಿ! ಕಿಟಕಿಗಳು ಪಟಪಟನೆ ತೆರೆದುಕೊಂಡವು. ಇಸ್ಪೀಟು ಬಿಟ್ಟು ಗಂಡಸರು ಎದ್ದರು. ಬೇಬಾ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ ಎಂಬುದನ್ನು ಯಾರೂ ನಂಬಲಾರರು, ನೋಡದೆ ಇರಲಾರರು.

"ದೋನ್ಯಾ, ಹೋಗಬ್ಯಾಡ ಅಂದೋರು ನೀವೇ ಅಲ್ವಾ?" ಬಾಲ್ಕನಿಯಿಂದ ಯಾರೋ ಕೆಣಕಿದರು.

"ಹೌದಪ್ಪಾ ಹೌದು, ನಾನೇ ಆ ಮಂಕು! ಅಲ್ಲಿಂದ ಸರಿಯಾಗಿ ಬೈಯೋಕಾಗಲ್ಲ, ಪಾರ್ಕಿಗೆ ಬಾ!"

"ಬೈದ್ರೆ ಆಮೇಲೆ ನಮ್ಮ ಮೇಲೆ ಹಾಡು ಕಟ್ಟಲ್ಲ ತಾನೇ?"

"ಇವತ್ತೊಂದಿನ ರಜೆ!"

ಸೇತುವೆ ದಾಟುವಾಗ ಹಿಂದೆ ಹತ್ತು ಕಾರು. ಸಂತೆ ಬೀದಿ ದಾಟುವಾಗ ಬಾಲ ಎಲ್ಲಿ ಮುಗಿಯುತ್ತದೆ ಎಂದು ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ಪಾಯಸ ಕದಡುತ್ತಿದ್ದವಳು ಸೌಟು ಹಿಡಿದೇ ಬಂದಳು. ಪಾದ್ರಿ ಕೂಡ ಬಂದರು, ಪ್ರವಚನ ಕೆಡಿಸಿದ್ದಕ್ಕೆ ಬೈಯುವ ಹಕ್ಕು ತಮಗೂ ಇದೆ ಎಂದು. ಹಾರ್ನ್ ಬಾರಿಸಿ ಬಾರಿಸಿ ಅಂಗೈ ನೋಯಿತು.

ಆಟ ಶುರುವಾಗುವ ಹೊತ್ತಿಗೆ ಗ್ಯಾಲರಿಯಲ್ಲಿ ಸೂಜಿ ಊರಲು ಜಾಗವಿರಲಿಲ್ಲ. ಉಪ್ಪುಮೀನಿನ ವಡೆ ಮೊದಲ ಇನಿಂಗ್ಸ್‌ನಲ್ಲೇ ಮುಗಿದುಹೋಯಿತು. ಎರಾಸ್ಮೋನ ಮುಖ ನೋಡಬೇಕಿತ್ತು, ಹರಳೆಣ್ಣೆ ಕುಡಿದವನ ಹಾಗೆ! ಅವನ ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಲೀಗಿನ ವಕೀಲ ಅಗ್ರಾಯ್ತ್ ಕತ್ತು ತಿರುಗಿಸುತ್ತಾ ಕೂತಿದ್ದರು. ಜನ ಬೇಬಾರನ್ನು ಬೈದು ಹಾಡಿದರು, ಎರಾಸ್ಮೋನನ್ನು ಬೈದು ಹಾಡಿದರು, ಮತ್ತೆ ಬೇಬಾರನ್ನು. ತಮ್ಮ ಮೇಲಿನ ಹಾಡಿಗೆ ಬೇಬಾರೇ ಎಲ್ಲರಿಗಿಂತ ಜೋರಾಗಿ ದಮ್ಮಡಿ ಬಡಿದರು. ನಮ್ಮವರು ಮಾತ್ರ ಎಂದಿನಂತೆ ಸೋಲುತ್ತಿದ್ದರು.

ಕೊನೆಯ ಇನಿಂಗ್ಸ್‌ನಲ್ಲಿ ಎರಾಸ್ಮೋ ತನ್ನ ಅಸ್ತ್ರ ತೆಗೆದ. ಫೋನಿನಲ್ಲಿ ಯಾರೋ ಹಿಡಿದಿಟ್ಟಿದ್ದ ಮೊದಲ ಹಾಡನ್ನು ವಕೀಲರ ಕಿವಿಗೆ ಹಿಡಿದ. ವಕೀಲರು ಬೇಬಾರನ್ನು ಕರೆಸಿದರು. ಜೊತೆಗೆ ನಾನೂ ಇಳಿದು ಹೋದೆ.

"ಇದು ನಿಮ್ಮ ದನೀನೇನಮ್ಮಾ?" ಎಂದರು ವಕೀಲರು.

"ನಂದೇ ಸ್ವಾಮಿ."

"ಹೋಗಬ್ಯಾಡ ಅಂತಿದೀರಿ. ಅಂದ್ರೆ ತಂಡ ಬೇಡ ಅಂತ ತಾನೆ?"

"ಸಿಟ್ಟು ಬಂದಾಗ ಊಟ ಬೇಡ ಅಂತ ತಟ್ಟೆ ತಳ್ತೀವಲ್ಲ, ಅದು ಹಸಿವಿಲ್ದೇನಾ? ನಾಲ್ಕು ಜನ ಬಂದು ಉಣ್ಣು ಅಂತ ಕರೀಲಿ ಅಂತ ಕಾಯ್ತಾ ಕೂತಿರ್ತೀವಿ. ಈ ಮನುಷ್ಯ ಕರೀಲಿಲ್ಲ. ತಟ್ಟೇನೇ ಎತ್ತಿಕೊಂಡು ಹೊರಟ!" ದನಿ ಒಡೆಯಿತು. "ನನಗೆ ಬುದ್ಧಿ ಕಮ್ಮಿ ಸ್ವಾಮಿ, ಒಪ್ಕೋತೀನಿ. ನನ್ನ ತಪ್ಪಿಗೆ ಊರಿಗೆ ಶಿಕ್ಷೆ..."

ಮಾತು ಅಲ್ಲಿಗೇ ನಿಂತಿತು. ಠಣ್ಣೆಂದು ಸದ್ದಾಗಿ ಗ್ಯಾಲರಿ ಭೋರ್ಗರೆಯಿತು. ಚೆಂಡು ಬಲಗಡೆಯ ಗೋಡೆಗೆ ಬಡಿದಿತ್ತು. ಮೊದಲ ಬೇಸ್‌ನಲ್ಲಿದ್ದ ನಮ್ಮ ದಢೂತಿ ತೀತೋ, ಬೇಕರಿ ವ್ಯಾನ್ ಓಡಿಸುವ ತೀತೋ, ಓಡುತ್ತಿದ್ದ! ಬೇಬಾ ವಕೀಲರ ಕಡೆಗೆ ಬೆನ್ನು ತಿರುಗಿಸಿ ಕಂಬಿಗೆ ಹಾರಿ ಜೋತುಬಿದ್ದರು.

"ಓಡೋ ತೀತೋ! ಬ್ರೆಡ್ ತಣ್ಣಗಾಗ್ತಿದೆ, ಓಡೋ!"

ನನ್ನ ಹಿಂದೆ ವಕೀಲರು ಎದ್ದು ನಿಂತು ಬೇಬಾರ ಬೆನ್ನನ್ನೇ ನೋಡುತ್ತಿದ್ದರು. "ತಂಡ ಎಲ್ಲಿಗೂ ಹೋಗಲ್ಲ, ದೋನ್ ಎರಾಸ್ಮೋ," ಎಂದರು. "ಹೋಗೋದಿದ್ರೆ ನೀವು ಹೋಗ್ಬಹುದು."

ಬೇಬಾರಿಗೆ ಒಂದಕ್ಷರವೂ ಕೇಳಿಸಲಿಲ್ಲ. ತೀತೋ ಮೂರನೇ ಬೇಸ್ ಮುಟ್ಟಿದ. ಇನ್ನೊಂದೇ ಬೇಸ್ ಮುಟ್ಟಿದರೆ ಒಂದು ಓಟ. ಮೂರನೇ ಬೇಸ್ ಬಳಿ ನಿಂತಿದ್ದ ನಮ್ಮ ಕೋಚ್ ಎರಡೂ ಕೈ ಬೀಸಿ ಅವನನ್ನು ಮುಂದಕ್ಕೆ ಅಟ್ಟಿದ. ಕೊನೆಯ ಬೇಸಿನಲ್ಲಿ ಚೆಂಡು ತೀತೋಗಿಂತ ಮೊದಲೇ ಬಂದು ಕಾಯುತ್ತಿತ್ತು. ಔಟಾದ. ನಮಗೆ ಒಂದೂ ಓಟವಿಲ್ಲದೆ ಆಟ ಮುಗಿಯಿತು. ಬೇಬಾ ಆ ಕೋಚ್‌ನ ಮೂರು ತಲೆಮಾರನ್ನು ತೊಳೆದು ಒಣಗಿಸಿದರು.

ಮನೆಗೆ ಬಿಡುವಾಗ ಲಾರಿಯಲ್ಲಿ ಕೇಳಿದರು, ನನ್ನ ಮುಖ ನೋಡಲು ಧೈರ್ಯ ಸಾಲದೆ: "ಏನಂದ್ರೋ ವಕೀಲ್ರು?"

ಹೇಳಿದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಗಂಡ ಹೋದಾಗಲೂ ಅಷ್ಟು ಅತ್ತಿರಲಾರರು, ಹಾಗೆ ಬಿಕ್ಕಿಬಿಕ್ಕಿ ಅತ್ತರು. ನಾನು ಲಾರಿ ನಿಲ್ಲಿಸಿದೆ. ನನ್ನ ಕಣ್ಣೂ ಒದ್ದೆಯಾಗಿತ್ತು. ಬಹಳ ಹೊತ್ತಿನ ಮೇಲೆ ಅವರು ಫ್ರಾಕಿನ ತುದಿಯನ್ನೇ ಎತ್ತಿ ಮೂಗು ಒರೆಸಿಕೊಂಡರು.

"ಆದ್ರೂ ನೆಫ್ತಾಲಿ," ಎಂದರು, ಇನ್ನೂ ಬಿಕ್ಕುತ್ತಲೇ, "ಆ ದಢಿಯನನ್ನ ಮೂರನೇ ಬೇಸಲ್ಲೇ ನಿಲ್ಲಿಸ್ಬೇಕಾಗಿತ್ತು ಕಣೋ."